ಹಳೆ ಸಿಟ್ರೊಯೆನ್ ಡಿಎಸ್ ಕೊಳ್ಳುವ ಮುಂಚೆ ಎಣ್ಣೆಯ ಬಣ್ಣ ನೋಡಿ

ಹಳೆ ಸಿಟ್ರೊಯೆನ್ ಡಿಎಸ್ ಕಾರಿನ ಮೇಲೆ ಕಣ್ಣಿಟ್ಟಿದ್ದೀರಾ? ಮುಂಗಡ ಕೊಡುವ ಮೊದಲು ಇದನ್ನು ಓದಿ. ನಾನು ದುಡುಕಿ ಕೊಂಡು ತುಂಬಾ ಕಷ್ಟಪಟ್ಟಿದ್ದೇನೆ.

ನಾನು ಕೊಂಡಿದ್ದು 1965ರ ಡಿಎಸ್ 19. ಮಾರುವವರು ಎಂಜಿನ್ ಶುರು ಮಾಡಿದರು. ನೆಲಕ್ಕೆ ಅಂಟಿಕೊಂಡು ಮಲಗಿದ್ದ ಕಾರು ಮೊದಲು ಹಿಂಭಾಗ, ಆಮೇಲೆ ಮುಂಭಾಗ ಎತ್ತಿಕೊಂಡು ಮೆಲ್ಲಗೆ ಎದ್ದು ನಿಂತಿತು. ಥೇಟ್ ಹಸು ಏಳುವ ಹಾಗೆ! ಅದನ್ನು ನೋಡಿದ ಮೇಲೆ ನನಗೆ ಬೇರೇನೂ ಕಾಣಿಸಲಿಲ್ಲ. 1962ರಲ್ಲಿ ಗುಂಡಿನ ದಾಳಿ ನಡೆದಾಗ ಟೈರು ಪಂಕ್ಚರ್ ಆದರೂ ಡಿಎಸ್ ಕಾರು ಫ್ರಾನ್ಸ್ ಅಧ್ಯಕ್ಷ ಡಿ ಗಾಲ್ ಅವರನ್ನು ಪಾರು ಮಾಡಿದ ಕಥೆಯನ್ನೂ ಹೇಳಿದರು. ಕಥೆ ನಿಜವೇ. ಆದರೆ ಅದರಿಂದ ನನ್ನ ಎದುರಿಗಿದ್ದ ಕಾರು ಚೆನ್ನಾಗಿದೆ ಅಂತ ಆಗಲ್ಲ, ಅಲ್ವಾ?

ಈ ಕಾರಿಗೆ ಮಾಮೂಲಿ ಸ್ಪ್ರಿಂಗ್ ಇಲ್ಲ. ಪ್ರತಿ ಚಕ್ರಕ್ಕೂ ಉಕ್ಕಿನ ಒಂದು ಗುಂಡು ಇರುತ್ತದೆ. ಅದರೊಳಗೆ ಒಂದು ರಬ್ಬರ್ ಪರದೆ. ಪರದೆಯ ಒಂದು ಕಡೆ ನೈಟ್ರೋಜನ್, ಇನ್ನೊಂದು ಕಡೆ ಪಂಪ್ ಒತ್ತಿ ಕಳಿಸುವ ಎಣ್ಣೆ. ರಸ್ತೆ ಗುಂಡಿಯಲ್ಲಿ ಚಕ್ರ ಇಳಿದೇರಿದಾಗ ಆ ಗಾಳಿಯೇ ಸ್ಪ್ರಿಂಗ್ ಆಗುತ್ತದೆ. ಮಾಮೂಲಿ ಕಾರಿನ ಟೈರಿನಲ್ಲಿ ಇರುವುದು 2 ಬಾರ್ ಆಸುಪಾಸಿನ ಒತ್ತಡ. ಇಲ್ಲಿ ಎಣ್ಣೆ ಓಡುವುದು ಸುಮಾರು 150 ಬಾರ್‌ನಲ್ಲಿ. ಅದೇ ಎಣ್ಣೆ ಬ್ರೇಕಿಗೂ ಹೋಗುತ್ತದೆ, ಸ್ಟೀರಿಂಗಿಗೂ ಹೋಗುತ್ತದೆ. 1955ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಬಂದ ಕಾರಿನಲ್ಲಿ ಇಷ್ಟೆಲ್ಲ ಇತ್ತು! ಮೊದಲ ದಿನವೇ 12,000 ಜನ ಬುಕ್ ಮಾಡಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ನಾನು ಎಡವಿದ್ದು ಆ ಎಣ್ಣೆಯಲ್ಲೇ. 1965ರ ಕಾರಿಗೆ ಹಾಕಬೇಕಾದದ್ದು ಎಲ್‌ಎಚ್‌ಎಸ್ ಅನ್ನುವ ಕೆಂಪು ಎಣ್ಣೆ. ಅದು ಗಾಳಿಯಲ್ಲಿನ ತೇವ ಹೀರಿಕೊಂಡು ಒಳಗೊಳಗೇ ತುಕ್ಕು ಹಿಡಿಸುತ್ತದೆ. ಹಾಗಾಗಿ 1966ರ ಕೊನೆಯಿಂದ ಕಂಪನಿ ಎಲ್‌ಎಚ್‌ಎಂ ಅನ್ನುವ ಹಸಿರು ಎಣ್ಣೆಗೆ ಬದಲಾಯಿಸಿತು. ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಸೀಲುಗಳು ಇವೆರಡಕ್ಕೂ ಬೇರೆ ಬೇರೆ. ಕೆಂಪಿನ ಸೀಲಿಗೆ ಹಸಿರು ಎಣ್ಣೆ ತಾಗಿದರೆ ಅದು ಊದಿಕೊಂಡು ಮೆತ್ತಗಾಗುತ್ತದೆ. ಗುರುತಿಗೆ ಅಂತ ಕೆಂಪು ಎಣ್ಣೆಯ ಭಾಗಗಳಿಗೆ ಕಪ್ಪು ಬಣ್ಣ, ಹಸಿರಿನವಕ್ಕೆ ಹಸಿರು ಬಣ್ಣ ಬಳಿದಿರುತ್ತಾರೆ.

ಬಾನೆಟ್ ಎತ್ತಿದಾಗ ಗುಂಡುಗಳು ಕಪ್ಪಗಿದ್ದವು. ಡಬ್ಬಿಯ ಮುಚ್ಚಳ ತೆಗೆದು ಬೆರಳು ಅದ್ದಿದೆ. ಎಣ್ಣೆ ಕೆಸರು ಬೆರೆತ ಹಸಿರು. "ಈಗಷ್ಟೇ ಹೊಸ ಎಣ್ಣೆ ಹಾಕಿಸಿದ್ದೇವೆ" ಅಂದರು. ನಾನು ತಲೆಯಾಡಿಸಿದೆ. ಎರಡೂ ಕಣ್ಣೆದುರೇ ಇದ್ದವು, ಆದರೆ ಅದರ ಅರ್ಥ ಗೊತ್ತಿರಲಿಲ್ಲ. ಎಲ್ಲ ಸೀಲು ಬದಲಿಸಿ ಹಸಿರಿಗೆ ತಂದ ಕಾರುಗಳೂ ಇವೆ. ಆದರೆ ಅದಕ್ಕೆ ಬಿಲ್ಲು, ಫೋಟೋ ತೋರಿಸಬೇಕು. ಬರೀ ಬಾಯಿಮಾತು ಸಾಲದು.

ಮೂರನೇ ವಾರ ಒಂದು ಇಳಿಜಾರಿನಲ್ಲಿ ಒತ್ತಡದ ಕೆಂಪು ದೀಪ ಹತ್ತಿಕೊಂಡಿತು. ಡಿಎಸ್‌ನ ಬ್ರೇಕ್ ಅಂದರೆ ನೆಲದಲ್ಲಿರುವ ಅಣಬೆಯಂಥ ಒಂದು ರಬ್ಬರ್ ಬಟನ್. ಒತ್ತಿದೆ. ಬ್ರೇಕಿಗೆಂದೇ ಕೂಡಿಟ್ಟ ಒತ್ತಡ ಇರುತ್ತದಲ್ಲ, ಅದರಿಂದ ಕಾರು ಹೇಗೋ ಬದಿಗೆ ಬಂದು ನಿಂತಿತು. ಸೋರುತ್ತಿರುವುದು ಎಲ್ಲಿ ಅಂತ ನಾನು ಅಡಿಗೆ ತೂರಲು ಹೊರಟಾಗ ಜೊತೆಗಿದ್ದ ಸ್ನೇಹಿತ ತೋಳು ಹಿಡಿದು ಎಳೆದ. ಸ್ವಲ್ಪ ಹೊತ್ತಿಗೆ ಕಾರು ಪೂರ್ತಿ ಕುಸಿದು ಕೂತಿತು. ದಯವಿಟ್ಟು ಕೇಳಿ: ಗಟ್ಟಿ ಸ್ಟ್ಯಾಂಡ್ ಕೊಡದೆ ಈ ಕಾರಿನ ಅಡಿಗೆ ಕೈ ಕೂಡ ಹಾಕಬೇಡಿ.

ಆಮೇಲೆ ತುಕ್ಕು ಕಂಡಿತು. ಹೊರಗಿನ ತಗಡುಗಳನ್ನೆಲ್ಲ ಬಿಚ್ಚಬಹುದು. ಕಾರಿನ ಭಾರ ಹೊರುವುದು ಒಳಗಿನ ಚೌಕಟ್ಟು. ಹಿಂದಿನ ಮಡ್‌ಗಾರ್ಡ್ ನಿಂತಿರುವುದು ಒಂದೇ ಒಂದು ಬೋಲ್ಟ್ ಮೇಲೆ, ಚಕ್ರ ಬದಲಿಸಲು ಅದನ್ನೇ ತೆಗೆಯಬೇಕು. ಆ ಬೋಲ್ಟ್ ತಿರುಗಿಸಿ ಮಡ್‌ಗಾರ್ಡ್ ಕೆಳಗಿಟ್ಟಿದ್ದರೆ ಅವತ್ತೇ ಎಲ್ಲ ಗೊತ್ತಾಗುತ್ತಿತ್ತು. ಒಳಗೆ ಸ್ಕ್ರೂಡ್ರೈವರ್ ಒತ್ತಿದರೆ ತಗಡು ಹಪ್ಪಳದ ಹಾಗೆ ಮುರಿಯಿತು. ಬಿಚ್ಚಲು ಬಿಡದವರ ಹತ್ತಿರ ಕೊಳ್ಳಲೇಬೇಡಿ.

ಇನ್ನೆರಡು ಪರೀಕ್ಷೆ ಸುಲಭ. ಎಂಜಿನ್ ಓಡುವಾಗ ಮೂಲೆಗಳನ್ನು ಅದುಮಿ ನೋಡಿ. ಕಲ್ಲಿನ ಹಾಗೆ ಗಟ್ಟಿಯಿದ್ದರೆ ಗುಂಡಿನಲ್ಲಿ ಗಾಳಿ ಇಲ್ಲ. ಒತ್ತಡ ನಿಯಂತ್ರಿಸುವ ಭಾಗ ಎರಡು ಮೂರು ಸೆಕೆಂಡಿಗೊಮ್ಮೆ ಟಕ್ ಟಕ್ ಅನ್ನುತ್ತಿದ್ದರೂ ಅನುಮಾನಪಡಿ.

ಒಬ್ಬ ಮೆಕ್ಯಾನಿಕ್, ಇದನ್ನೆಲ್ಲ ಕಿತ್ತು ಮಾಮೂಲಿ ಸ್ಪ್ರಿಂಗ್ ಹಾಕಿಬಿಡೋಣ ಅಂದರು. ನಾನು ಒಪ್ಪಲಿಲ್ಲ. 1975ರವರೆಗೆ ಸುಮಾರು 14.5 ಲಕ್ಷ ಡಿಎಸ್‌ಗಳು ತಯಾರಾದವು, ಇದೇನೂ ಅಪರೂಪದ ಕಾರಲ್ಲ. ಜನ ಇದನ್ನು ಕಾಪಾಡಿಕೊಂಡು ಬಂದಿರುವುದೇ ಆ ಎಣ್ಣೆ, ಆ ಗುಂಡುಗಳಿಗಾಗಿ. ಅದನ್ನೇ ಕಿತ್ತರೆ ಉಳಿಯುವುದು ಸುಮ್ನೆ ಒಂದು ಚಂದದ ಡಬ್ಬ. ಕೊಂಡ ಬೆಲೆಗಿಂತ ರಿಪೇರಿಗೇ ಜಾಸ್ತಿ ಆಗುತ್ತಿದೆ. ಪೈಪುಗಳನ್ನೆಲ್ಲ ಬಿಚ್ಚಿ ತೊಳೆದಾಗಿದೆ. ಸೀಲುಗಳು ಒಂದೊಂದಾಗಿ ಬದಲಾಗುತ್ತಿವೆ, ಈ ಸಲ ಹಸಿರು ಎಣ್ಣೆಗೆ ಹೊಂದುವಂಥವು. ಕಪ್ಪು ಗುಂಡುಗಳಿಗೆ ನಾನೇ ಕೂತು ಹಸಿರು ಬಣ್ಣ ಬಳಿಯುತ್ತಿದ್ದೇನೆ.