ಆ ಒಂದು ‘ಇಲ್ಲ’ಕ್ಕೆ ಕಟ್ಟಿದ ದಂಡ

ವಿದೇಶ ಪ್ರವಾಸ ಮುಗಿಸಿ ಬ್ಯಾಗಿನಲ್ಲಿ ತಿನ್ನೋ ಪದಾರ್ಥ ಇಟ್ಟುಕೊಂಡು ಮರಳುವವರು ದಯವಿಟ್ಟು ಇದನ್ನೊಮ್ಮೆ ಓದಿ. ನಾನು ದಂಡ ಕಟ್ಟಿದ್ದು ತಂದ ಪದಾರ್ಥಕ್ಕಲ್ಲ, ಫಾರಂನಲ್ಲಿ ‘ಇಲ್ಲ’ ಅನ್ನೋ ಚೌಕಕ್ಕೆ ಹಾಕಿದ ಒಂದು ಗೀಟಿಗೆ.

ನಾನು, ಅಕ್ಕ ಇಬ್ಬರೂ ಎರಡು ವಾರ ಸುತ್ತಾಡಿ ವಾಪಸ್ ಬರುತ್ತಿದ್ದೆವು. ನನ್ನ ದೊಡ್ಡ ಸೂಟ್‌ಕೇಸಿನಲ್ಲಿ ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸದ ಸಾಸೇಜ್ ಇತ್ತು, ಗಾಳಿ ತೆಗೆದು ಪ್ಯಾಕ್ ಮಾಡಿದ್ದು. ಜೊತೆಗೆ ಎರಡು ತುಂಡು ಚೀಸ್. ಅಕ್ಕನ ಹತ್ತಿರ ಒಂದು ಬಾಟಲಿ ಜೇನುತುಪ್ಪ. (ಜೇನನ್ನೂ ಸೆಕ್ಯುರಿಟಿಯವರು ದ್ರವ ಅಂತಲೇ ಲೆಕ್ಕ ಹಿಡಿಯುತ್ತಾರೆ. ಅವಳು ಅದನ್ನು ಮೊದಲೇ ವಿಚಾರಿಸಿ ಚೆಕ್-ಇನ್ ಲಗೇಜಿಗೆ ಹಾಕಿದ್ದಳು. ಅವಳ ಜಾತಿಯೇ ಬೇರೆ.) ಸಾಸೇಜ್ ಮಾರಿದವನನ್ನು ನಾನೂ ಕೇಳಿದ್ದೆ: “ಇದನ್ನ ತಗೊಂಡು ಹೋಗಬಹುದಾ?” “ಎಲ್ಲರೂ ಒಯ್ತಾರೆ, ಸೀಲ್ ಆಗಿದೆಯಲ್ಲ” ಅಂದ. ಪಾಪ, ಅವನಿಗೆ ಗೊತ್ತಿರೋದು ಮಾರುವ ವಿಚಾರ. ನಾನು ಇಳಿಯುವ ದೇಶದ ಕಾನೂನು ಅವನಿಗೇನು ಗೊತ್ತು? ವಿಮಾನ ನಿಲ್ದಾಣದೊಳಗಿನ ಅಂಗಡಿಯ ಮಾತೂ ಅಷ್ಟೇ. ಡ್ಯೂಟಿ ಫ್ರೀ ಅಂದರೆ ಸುಂಕ ಇಲ್ಲ ಅಂತ ಮಾತ್ರ, ಆಚೆ ದಡದವರು ಒಳಗೆ ಬಿಡುತ್ತಾರೆ ಅಂತಲ್ಲ. ಈ ವ್ಯತ್ಯಾಸ ನನಗೆ ಹೊಳೆದದ್ದು ದಂಡದ ರಸೀದಿ ಕೈಗೆ ಬಂದ ಮೇಲೆ.

ವಿಮಾನದಲ್ಲಿ ಫಾರಂ ಕೊಟ್ಟರು. ಮಾಂಸ, ಹಾಲಿನ ಪದಾರ್ಥ, ಹಣ್ಣು, ಬೀಜ, ಯಾವುದೇ ಆಹಾರ ಇದೆಯೇ ಅಂತ ಪ್ರಶ್ನೆ. ಅಕ್ಕ ‘ಹೌದು’ ಹಾಕಿದಳು. ನನ್ನ ಫಾರಂ ಇಣುಕಿ ನೋಡಿ, “ನೀನೂ ಹಾಕು, ಏನು ಗಂಟು ಹೋಗುತ್ತೆ?” ಅಂದಳು. ‘ಹೌದು’ ಅಂದರೆ ಬೇರೆ ಸಾಲು, ಬ್ಯಾಗು ಬಿಚ್ಚಿಸೋದು, ಮುಂದಿನ ವಿಮಾನಕ್ಕೆ ತಡ ಅನ್ನೋದು ನನ್ನ ಲೆಕ್ಕಾಚಾರ. ‘ಇಲ್ಲ’ ಹಾಕಿ ಸಹಿ ಮಾಡಿದೆ. ಆ ಸಹಿ ಯಾಕೆ ಅಂತ ಯೋಚಿಸಲೂ ಇಲ್ಲ.

ಲಗೇಜ್ ಬರುವ ಬೆಲ್ಟಿನ ಹತ್ತಿರ ನಿಂತಿದ್ದಾಗ ಪುಟ್ಟ ನಾಯಿಯೊಂದು ಬಂದು ನನ್ನ ಕೈಚೀಲ ಮೂಸಿ ಸುಮ್ಮನೆ ಕೂತುಬಿಟ್ಟಿತು. ಬೊಗಳಲಿಲ್ಲ, ಪರಚಲಿಲ್ಲ. ಎಷ್ಟು ಮುದ್ದಾಗಿದೆ ಅಂತ ನಾನು ನಕ್ಕೆ ಕೂಡ. ಕೂರೋದೇ ಅದರ ಸನ್ನೆ. ಕೈಚೀಲದಲ್ಲಿ ಇದ್ದದ್ದು ಒಂದು ಸೇಬು. ಹೊರಡುವ ಬೆಳಿಗ್ಗೆ ಹೋಟೆಲಿನ ತಿಂಡಿ ಮೇಜಿನಿಂದ ಎತ್ತಿಕೊಂಡು ತಿನ್ನೋದು ಮರೆತಿದ್ದೆ! ಸಾಸೇಜ್ ಇನ್ನೂ ಬೆಲ್ಟಿನ ಮೇಲೆ ಬಂದೇ ಇರಲಿಲ್ಲ.

ಅಧಿಕಾರಿ ನನ್ನ ಫಾರಂ ನೋಡಿ ಕೇಳಿದರು, “ಬೇರೆ ಏನಾದರೂ ಆಹಾರ ಇದೆಯಾ? ಈಗಲಾದರೂ ಹೇಳಬಹುದು.” ಅಲ್ಲಿ ಬಾಯಿ ಬಿಟ್ಟಿದ್ದರೆ ಬಹುಶಃ ಪದಾರ್ಥ ಕಳೆದುಕೊಂಡು ಮನೆಗೆ ಹೋಗುತ್ತಿದ್ದೆ. ಗಾಬರಿಯಲ್ಲಿ ಎರಡನೇ ಸಲವೂ “ಇಲ್ಲ” ಅಂದೆ. ಸೂಟ್‌ಕೇಸ್ ಎಕ್ಸ್-ರೇ ಯಂತ್ರದೊಳಗೆ ಹೋಯಿತು. ಆ ಪರದೆಯ ಮೇಲೆ ಲೋಹ ನೀಲಿಯಾಗಿ ಕಂಡರೆ ಆಹಾರದಂಥ ಜೈವಿಕ ವಸ್ತು ಕಿತ್ತಳೆ ಬಣ್ಣಕ್ಕೆ ಕಾಣುತ್ತದೆ. ನನ್ನ ಬಟ್ಟೆಗಳ ನಡುವೆ ಮೂರು ಕಿತ್ತಳೆ ಗಡ್ಡೆ, ಯಾರಿಗಾದರೂ ಗೊತ್ತಾಗುವ ಹಾಗೆ. ಆಮೇಲೆ ಉಟ್ಟ ಬಟ್ಟೆ, ಒಗೆಯದ ಬಟ್ಟೆ ಎಲ್ಲ ಸ್ಟೀಲ್ ಮೇಜಿನ ಮೇಲೆ. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು.

“ಸೀಲ್ ಆಗಿದೆಯಲ್ಲ ಸರ್” ಅಂತ ವಾದ ಮಾಡಿದೆ. ಅದಕ್ಕೆ ಅವರು ಹೇಳಿದ್ದನ್ನು ಆಮೇಲೆ ಕೂತು ಓದಿ ಮನದಟ್ಟು ಮಾಡಿಕೊಂಡೆ. ಆಫ್ರಿಕನ್ ಹಂದಿಜ್ವರದ ವೈರಸ್ ಮನುಷ್ಯರಿಗೆ ಏನೂ ಮಾಡುವುದಿಲ್ಲ, ಆದರೆ ಉಪ್ಪು ಹಾಕಿ ಒಣಗಿಸಿದ ಮಾಂಸದಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು. ಗಾಳಿ ತೆಗೆದು ಪ್ಯಾಕ್ ಮಾಡಿದರೆ ಅದು ಸಾಯುವುದಿಲ್ಲ. ನಾವು ತಿಂದು ಮಿಕ್ಕ ತುಂಡು ಕಸಕ್ಕೆ, ಕಸದಿಂದ ಯಾವುದೋ ಹಂದಿಯ ಬಾಯಿಗೆ. 2007ರಲ್ಲಿ ಈ ರೋಗ ಜಾರ್ಜಿಯಾಕ್ಕೆ ಕಾಲಿಟ್ಟದ್ದು ಪೋಟಿ ಬಂದರಿನಲ್ಲಿ ಹಡಗಿನಿಂದ ಬಂದ ಆಹಾರದ ಕಸದಿಂದ ಅಂತ ನಂಬಿದ್ದಾರೆ. ಅಲ್ಲಿಂದ ರಷ್ಯಾ, ಯುರೋಪ್ ದಾಟಿ 2018ರ ಹೊತ್ತಿಗೆ ಚೀನಾ ತಲುಪಿತ್ತು. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರಕ್ಕೆ 60 ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಲ್ಲಬೇಕಾಯಿತು. ಅದರ ಮೂಲವೂ ಹಂದಿಗಳಿಗೆ ಸರಿಯಾಗಿ ಬೇಯಿಸದೆ ಹಾಕಿದ ಮುಸುರೆ, ಅದರಲ್ಲಿ ಕದ್ದು ತಂದ ಮಾಂಸ ಸೇರಿತ್ತು ಅನ್ನೋದು ತನಿಖೆಯವರ ಅಂದಾಜು. ಸೇಬಿನದ್ದು ಇನ್ನೊಂದು ಕಥೆ. ಹಣ್ಣಿನ ನೊಣ ಸಿಪ್ಪೆಯ ಅಡಿಯಲ್ಲಿ ಮೊಟ್ಟೆ ಇಡುತ್ತದೆ, ಹೊರಗಿನಿಂದ ಹಣ್ಣು ಫಳಫಳ.

ಅಕ್ಕನಿಗೇನಾಯಿತು ಗೊತ್ತಾ? ‘ಹೌದು’ ಸಾಲಿನಲ್ಲಿ ನಿಂತಳು, ಬಾಟಲಿ ತೋರಿಸಿದಳು, ಚೀಟಿ ನೋಡಿ “ಇದು ಪರವಾಗಿಲ್ಲ, ಹೋಗಿ” ಅಂದರು. ಐದು ನಿಮಿಷ. ಆಮೇಲೆ ಎರಡು ಗಂಟೆ ನನಗೋಸ್ಕರ ಕಾದಳು.

ಎಲ್ಲ ಕಡೆಗೂ ಒಂದೇ ನಿಯಮ ಇಲ್ಲ, ಮೋಸ ಹೋಗೋದೇ ಅಲ್ಲಿ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಹೋಗುವ ಪ್ರಯಾಣಿಕರು ಸಾಮಾನ್ಯವಾಗಿ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಜೇನಾದರೆ 2 ಕಿಲೋ ತನಕ ಸರಿ. ಹಣ್ಣುಗಳಲ್ಲಿ ಬಾಳೆ, ತೆಂಗು, ಖರ್ಜೂರ, ಅನಾನಸ್, ಡುರಿಯನ್ ಈ ಐದನ್ನು ಬಿಟ್ಟು ಉಳಿದದ್ದಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ನ್ಯೂಜಿಲೆಂಡಿನಲ್ಲಿ ಮರೆತ ಒಂದು ಹಣ್ಣಿಗೂ ಸ್ಥಳದಲ್ಲೇ 400 ಡಾಲರ್ ದಂಡ. ನಿಯಮ ರಾತ್ರೋರಾತ್ರಿ ಬದಲಾಗೋದೂ ಉಂಟು. 2025ರ ಜನವರಿಯಲ್ಲಿ ಜರ್ಮನಿಯಲ್ಲಿ ಕಾಲುಬಾಯಿ ಜ್ವರ ಕಾಣಿಸಿಕೊಂಡಿತು. ಏಪ್ರಿಲ್ ಹೊತ್ತಿಗೆ ಬ್ರಿಟನ್ ಇಡೀ ಒಕ್ಕೂಟದಿಂದ ಪ್ರಯಾಣಿಕರು ಮಾಂಸ, ಚೀಸ್ ತರುವುದನ್ನೇ ನಿಲ್ಲಿಸಿತು. ಹಾಗಾಗಿ “ಹೋದ ವರ್ಷ ನಾನೇ ತಂದಿದ್ದೆ” ಅನ್ನುವವರ ಮಾತು ಕೇಳಬೇಡಿ. ಹೊರಡುವ ವಾರ ಇಳಿಯುವ ದೇಶದ ಸರ್ಕಾರಿ ಪುಟವನ್ನೇ ನೋಡಿ. ಸಂಶಯ ಇದ್ದರೆ ‘ಹೌದು’ ಹಾಕಿ. ನಿಷೇಧ ಇದ್ದರೂ, ಬಾಯಿಬಿಟ್ಟು ಹೇಳಿದವರ ಪದಾರ್ಥ ಕಸದ ಡಬ್ಬಿಗೆ ಹೋಗುತ್ತದೆ, ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ.

ನನಗೆ ಅಲ್ಲಿಗೆ ಮುಗಿಯಲಿಲ್ಲ. ದಂಡದ ಮೊತ್ತದಲ್ಲಿ ಅಂಥ ಸಾಸೇಜ್ ವರ್ಷಪೂರ್ತಿ ತಿನ್ನಬಹುದಿತ್ತು. ಮುಂದಿನ ವಿಮಾನ ತಪ್ಪಿತು, ಹೊಸ ಟಿಕೆಟ್ಟು ನನ್ನ ಖರ್ಚಲ್ಲೇ. ಹೆಸರು ಅವರ ದಾಖಲೆಗೂ ಸೇರಿತು. ಆಮೇಲೆ ಎರಡು ಸಲ ಅದೇ ನಿಲ್ದಾಣದಲ್ಲಿ ಇಳಿದಾಗ, ಖಾಲಿ ಬ್ಯಾಗಿದ್ದರೂ ನನ್ನನ್ನು ಪಕ್ಕಕ್ಕೆ ಕರೆದರು.

ಆ ಜೇನಿನ ಬಾಟಲಿ ಅಕ್ಕನ ಅಡುಗೆಮನೆಯಲ್ಲಿ ಇನ್ನೂ ಅರ್ಧ ಇದೆ. ಹೋದಾಗಲೆಲ್ಲ ಒಂದು ಚಮಚ ನನ್ನ ಕೈಗೆ ಹಾಕಿ, “ತಿನ್ನು, ಹೇಳಿ ತಂದದ್ದು” ಅಂತಾಳೆ.