ಡೆಂಗ್ಯೂ ಕಾಂಬೊ ಕಾರ್ಡ್: ₹250ಕ್ಕೆ ಮೂರು ಗೆರೆ, ಮೂರಕ್ಕೂ ಒಂದೇ ಬೆಲೆಯಲ್ಲ

ಮಳೆಗಾಲದಲ್ಲಿ ಹುಬ್ಬಳ್ಳಿ-ಧಾರವಾಡದ ಲ್ಯಾಬುಗಳಲ್ಲಿ ಜ್ವರದವರಿಗೆ ಮೊದಲು ಮಾಡುವುದು ಡೆಂಗ್ಯೂ ಕಾಂಬೊ ಕಾರ್ಡ್. ಒಂದು ಪಟ್ಟಿಯಲ್ಲಿ ಎನ್‌ಎಸ್‌1, ಪಕ್ಕದ ಪಟ್ಟಿಯಲ್ಲಿ ಐಜಿಎಂ ಮತ್ತು ಐಜಿಜಿ ಎಂಬ ಪ್ರತಿಕಾಯಗಳು, ಅಂದರೆ ಸೋಂಕಿನ ವಿರುದ್ಧ ದೇಹವೇ ತಯಾರಿಸುವ ಪ್ರೋಟೀನುಗಳು. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಇದಕ್ಕೆ ₹250 ಮಿತಿ ಹಾಕಿತು. ಎನ್‌ಎಸ್‌1 ಎಲೈಸಾಕ್ಕೆ ₹300, ಐಜಿಎಂ ಎಲೈಸಾಕ್ಕೆ ಬೇರೆ ₹300. ಎಲೈಸಾ ಎಂದರೆ ಗುಳಿಗಳಿರುವ ಪ್ಲೇಟಿನಲ್ಲಿ ಸ್ಯಾಂಪಲ್ ಹಾಕಿ ಬಣ್ಣ ಅಳೆದು ನೋಡುವ ಲ್ಯಾಬ್ ಪರೀಕ್ಷೆ. ಅದಕ್ಕಿಂತ ಹೆಚ್ಚು ಕೇಳಿದರೆ ಬಿಲ್ ತೋರಿಸಿ ಎನ್ನಿ.

ಎನ್‌ಎಸ್‌1 ವೈರಸ್ಸಿನದೇ ಪ್ರೋಟೀನು. ಜ್ವರ ಬಂದ ದಿನವನ್ನು ಒಂದು ಎಂದು ಎಣಿಸಿದರೆ, ಐದನೇ ದಿನದೊಳಗೆ ನೋಡಬೇಕಾದ ಗೆರೆ ಇದು. ಈ ಕೆಲಸದಲ್ಲಿ ಕಾರ್ಡು ಪಾಸು. ಐಜಿಎಂ ಪ್ರತಿಕಾಯ ನಾಲ್ಕೈದನೇ ದಿನಕ್ಕೆ ಕಾಣಿಸಿಕೊಂಡು, ಸುಮಾರು ಎರಡು ವಾರಕ್ಕೆ ತುದಿ ಮುಟ್ಟಿ, ಎರಡು-ಮೂರು ತಿಂಗಳಲ್ಲಿ ಇಳಿಯುತ್ತದೆ. ಎರಡನೇ ದಿನವೇ ರಕ್ತ ಕೊಟ್ಟು ‘ಐಜಿಎಂ ನೆಗೆಟಿವ್, ಡೆಂಗ್ಯೂ ಇಲ್ಲ’ ಅನ್ನುವುದು ಬಿತ್ತಿದ ಮರುದಿನ ಹೊಲಕ್ಕೆ ಹೋಗಿ ಬೆಳೆ ಬಂದಿಲ್ಲ ಅಂದಂತೆ. ಇದರ ಉಲ್ಟಾ ಕೂಡ ಆಗುತ್ತದೆ: ಆಗಸ್ಟಿನ ಡೆಂಗ್ಯೂ ಉಳಿಸಿಹೋದ ಐಜಿಎಂ, ಅಕ್ಟೋಬರಿನ ಟೈಫಾಯಿಡ್ ಜ್ವರದಲ್ಲಿ ಗೆರೆ ಮೂಡಿಸಬಹುದು.

ಹೆಚ್ಚು ಗೊಂದಲ ಐಜಿಜಿಯದು. ಒಮ್ಮೆ ಡೆಂಗ್ಯೂ ಆದವರ ರಕ್ತದಲ್ಲಿ ಇದು ವರ್ಷಗಟ್ಟಲೆ ಇರುತ್ತದೆ. ಹಾಗಾದರೆ ‘ನನಗೆ ಹಿಂದೆ ಯಾವಾಗಾದರೂ ಆಗಿತ್ತಾ’ ಎಂದು ತಿಳಿಯಲು ಕಾರ್ಡು ಸಾಕಲ್ಲ ಎಂದುಕೊಳ್ಳುವವರು ಬಹಳ. ಸಾಲದು. ಎರಡನೇ ಸಲದ ಸೋಂಕಿನಲ್ಲಿ ಐಜಿಜಿ ಮೊದಲ ವಾರದಲ್ಲೇ ಜೋರಾಗಿ ಏರುತ್ತದೆ. ಅದನ್ನು ಹಿಡಿಯಲೆಂದೇ ಹಲವು ಕಾರ್ಡುಗಳಲ್ಲಿ ಗೆರೆ ಮೂಡಲು ಬೇಕಾದ ಐಜಿಜಿ ಮಟ್ಟವನ್ನು ಎತ್ತರಕ್ಕೆ ಇಟ್ಟಿರುತ್ತಾರೆ. ಹಳೆಯ ಸೋಂಕಿನ ತೆಳು ಐಜಿಜಿ ಅದರಲ್ಲಿ ಮೂಡದೇ ಹೋಗಬಹುದು. ಆರೋಗ್ಯವಾಗಿದ್ದು ಹಳೆಯ ಲೆಕ್ಕ ನೋಡುವವರು ಕೇಳಬೇಕಾದ್ದು ಇನ್‌ಡೈರೆಕ್ಟ್ ಐಜಿಜಿ ಎಲೈಸಾ.

ಅದರಲ್ಲೂ ಒಂದು ಪಾಸಿಟಿವ್‌ನಿಂದ ಯಾವ ವರ್ಷ ಸೋಂಕಾಯಿತು ಎಂದು ಗೊತ್ತಾಗುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017-18ರಲ್ಲಿ 15 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ದೇಶದ ಸರಾಸರಿ 48.7% ಇದ್ದರೆ, ದಕ್ಷಿಣ ಭಾಗದಲ್ಲಿ 76.9% ಜನರಲ್ಲಿ ಡೆಂಗ್ಯೂ ಐಜಿಜಿ ಇತ್ತು. ನಳದ ನೀರಿಗೆ ದಿನಗಟ್ಟಲೆ ಕಾದು ಬ್ಯಾರಲ್, ಹೌದ ತುಂಬಿಡುವ ನಮ್ಮ ಓಣಿಗಳಲ್ಲಿ ಪಾಸಿಟಿವ್ ಬಂದರೆ ಬೆರಗಾಗಬೇಕಿಲ್ಲ. ಬೆಲೆಯಿರುವುದು ನೆಗೆಟಿವ್‌ಗೆ. ಮೇ ತಿಂಗಳಲ್ಲಿ ನೆಗೆಟಿವ್ ಇದ್ದವರು ಡಿಸೆಂಬರಿನಲ್ಲಿ ಅದೇ ಲ್ಯಾಬಿನಲ್ಲಿ, ಅದೇ ಕಂಪನಿಯ ಕಿಟ್‌ನಲ್ಲಿ ಮತ್ತೆ ಮಾಡಿಸಿ ಪಾಸಿಟಿವ್ ಬಂದರೆ, ಆ ಮಳೆಗಾಲದಲ್ಲೇ ಸೋಂಕು ತಗುಲಿತ್ತೆಂದು ಬಹುಮಟ್ಟಿಗೆ ಹೇಳಬಹುದು. ಮಕ್ಕಳ ವಿಷಯದಲ್ಲಿ ಒಂದು ತೊಡಕಿದೆ: 2022ರ ಡಿಸೆಂಬರಿನಲ್ಲಿ ಗದಗ, ಹಾವೇರಿ ಸೇರಿದಂತೆ ಹಲವು ಜಿಲ್ಲೆಗಳಲ್ಲಿ 1ರಿಂದ 15 ವರ್ಷದವರಿಗೆ ಮೆದುಳು ಜ್ವರದ ಜೆಇ ಲಸಿಕೆ ಹಾಕಿದ್ದರು. ಜೆಇ, ಡೆಂಗ್ಯೂ ಎರಡೂ ಒಂದೇ ಕುಲದ ವೈರಸ್ಸುಗಳಾದ್ದರಿಂದ ಆ ಪ್ರತಿಕಾಯವೂ ಡೆಂಗ್ಯೂ ಐಜಿಜಿಯಂತೆ ತೋರಬಹುದು. ಲಸಿಕೆ ಹಾಕಿಸಿದ್ದನ್ನು ಲ್ಯಾಬಿನವರಿಗೆ ಹೇಳಿ.

ಕಾರ್ಡು ಮಾಡುವ ಕೈಯೂ ಮುಖ್ಯ. ಹೆಚ್ಚು ಬಳಕೆಯಲ್ಲಿರುವ ಒಂದು ಮಾದರಿಯಲ್ಲಿ ಎನ್‌ಎಸ್‌1 ಕಿಂಡಿಗೆ 100 ಮೈಕ್ರೊಲೀಟರ್ ಸೀರಂ (ರಕ್ತದ ತಿಳಿ ಭಾಗ), ಪ್ರತಿಕಾಯದ ಕಿಂಡಿಗೆ ಬರೀ 10, ಮೇಲೆ ಕಿಟ್‌ನ ಬಫರ್ ದ್ರಾವಣ 4 ಹನಿ. ಗಡಿಬಿಡಿಯಲ್ಲಿ ಎರಡೂ ಕಡೆ ಡ್ರಾಪರ್‌ನಿಂದ ಅಂದಾಜಿಗೆ ಹಾಕಿದರೆ ಪಟ್ಟಿಯೆಲ್ಲ ಕೆಂಪಾಗಿ ಗೆರೆ ಮುಚ್ಚಿಹೋಗುತ್ತದೆ. ಓದುವುದು 15ರಿಂದ 20 ನಿಮಿಷದೊಳಗೆ. ಚಹಾ ಕುಡಿದು ಬಂದು ನೋಡಿದರೆ ಪಟ್ಟಿ ಒಣಗಿ ಇಲ್ಲದ ಗೆರೆ ಕಾಣಿಸುತ್ತದೆ. ಕಿಟ್ 30 ಡಿಗ್ರಿಯೊಳಗೆ ಇರಬೇಕು. ಏಪ್ರಿಲ್‌ನಲ್ಲಿ ಎಸಿ ಇಲ್ಲದ ತಗಡಿನ ಮಾಡಿನ ಲ್ಯಾಬಿನಲ್ಲಿ ಅದು ಸಾಧ್ಯವಿಲ್ಲ. ಸಿ (ಕಂಟ್ರೋಲ್) ಗೆರೆ ಬಂದಿದೆಯಲ್ಲ ಎಂದು ಸಮಾಧಾನ ಬೇಡ: ದ್ರವ ಸರಿಯಾಗಿ ಹರಿಯಿತು ಎಂಬುದಕ್ಕೆ ಅದು ಸಾಕ್ಷಿ, ಬಿಸಿಲಿಗೆ ಪರೀಕ್ಷೆಯ ಗೆರೆ ಕೆಟ್ಟಿಲ್ಲ ಎಂಬುದಕ್ಕಲ್ಲ.

ಸರ್ಕಾರಿ ಲೆಕ್ಕದಲ್ಲಿ ಕಾರ್ಡ್ ಪಾಸಿಟಿವ್ ಎಂದರೆ ಬರೀ ‘ಸಂಭಾವ್ಯ’. ಖಚಿತಪಡಿಸಲು ಐದು ದಿನದೊಳಗೆ ಎನ್‌ಎಸ್‌1 ಎಲೈಸಾ, ಆಮೇಲೆ ಐಜಿಎಂ ಹುಡುಕುವ ಮ್ಯಾಕ್ ಎಲೈಸಾ. ಡೆಂಗ್ಯೂ ಕಣ್ಗಾವಲಿಗೆ ಗೊತ್ತುಮಾಡಿದ ಸರ್ಕಾರಿ ಸೆಂಟಿನೆಲ್ ಲ್ಯಾಬುಗಳಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ (ಎನ್‌ಐವಿ) ಕಿಟ್‌ನಲ್ಲಿ ಮ್ಯಾಕ್ ಎಲೈಸಾವನ್ನು ಪುಕ್ಕಟೆ ಮಾಡುತ್ತಾರೆ. ಒಂದೇ ತಕರಾರು, ತಡ: 96 ಗುಳಿಯ ಪ್ಲೇಟು ಒಂದಿಬ್ಬರ ಸ್ಯಾಂಪಲ್ಲಿಗೆ ಓಡಿಸುವುದಿಲ್ಲ, ಒಟ್ಟುಗೂಡಬೇಕು. ರಿಪೋರ್ಟಿಗೆ ಕಾಯುತ್ತ ಪ್ಲೇಟ್‌ಲೆಟ್, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ನೋಡುವುದನ್ನು ನಿಲ್ಲಿಸಬಾರದು.

ಚಿಕೂನ್‌ಗುನ್ಯಾ ಈ ಕಾರ್ಡಿನಲ್ಲಿಲ್ಲ. ಅದು ಬೇರೆ ಕುಲದ ವೈರಸ್, ಐಜಿಎಂ ಬೇರೆಯೇ ಮಾಡಿಸಬೇಕು. ಫೀವರ್ ಪ್ಯಾಕೇಜಿನಲ್ಲಿ ‘ಮಲೇರಿಯಾ ಆ್ಯಂಟಿಬಾಡಿ’ ಎಂದು ಇದ್ದರೆ, ಆ ಪ್ರತಿಕಾಯ ಹಳೆಯ ಸೋಂಕಿನದೂ ಇರಬಹುದಾದ್ದರಿಂದ ಅದನ್ನು ತೆಗೆಸಿ, ಬದಲಿಗೆ ರಕ್ತಲೇಪನ ಇಲ್ಲವೇ ಆ್ಯಂಟಿಜೆನ್ ಕಾರ್ಡ್ ಬರೆಸಿಕೊಳ್ಳಿ.