ಎಲೆಯ ಚಿತ್ರ ನೋಡಿ ರೋಗ ಹೇಳುವ ಆ್ಯಪ್: ಒಂದು ಮುಂಗಾರು ಬಳಸಿದ ಮೇಲೆ

ಬಿ.ಎಸ್ಸಿ. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಹಳ್ಳಿಯಲ್ಲಿ ಉಳಿದಿದ್ದಾಗ, ನಮ್ಮ ತಂಡದ ಬಹುತೇಕರ ಫೋನಿನಲ್ಲಿ ಬೆಳೆಯ ಚಿತ್ರ ನೋಡಿ ರೋಗ, ಕೀಟ ಗುರುತಿಸುವ ಒಂದು ಉಚಿತ ಆ್ಯಪ್ ಇತ್ತು. ಕನ್ನಡದಲ್ಲೂ ಉತ್ತರ ಕೊಡುವ, ಕೃತಕ ಬುದ್ಧಿಮತ್ತೆ ಆಧರಿಸಿದ ಈ ಆ್ಯಪನ್ನು ನಾನು ಮುಸುಕಿನ ಜೋಳ ಮತ್ತು ರಾಗಿಯ ಹೊಲಗಳಲ್ಲಿ ಇಡೀ ಹಂಗಾಮು ಬಳಸಿದ್ದೇನೆ.

ಮುಸುಕಿನ ಜೋಳದಲ್ಲಿ ಅದರ ಕೆಲಸ ನಿಜಕ್ಕೂ ಮೆಚ್ಚುವಂಥದ್ದು. ಸುಳಿಯಲ್ಲಿ ಹಿಕ್ಕೆ ತುಂಬಿ, ಎಲೆಗಳು ಹರಿದು ತೂತಾಗಿದ್ದ ಗಿಡದ ಚಿತ್ರ ಕೊಟ್ಟ ಕೆಲವೇ ಸೆಕೆಂಡುಗಳಲ್ಲಿ ಅದು ಫಾಲ್ ಸೈನಿಕ ಹುಳುವಿನ ಹೆಸರು ಹೇಳಿತು. ಭಾರತದಲ್ಲಿ ಈ ಕೀಟ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಶಿವಮೊಗ್ಗದಲ್ಲಿಯೇ. ಆದರೂ ನಾನು ಸುಳಿ ಬಿಡಿಸಿ, ಮರಿಹುಳುವನ್ನು ಅಂಗೈಯಲ್ಲಿಟ್ಟುಕೊಂಡು, ತಲೆಯ ಮೇಲೆ ತಲೆಕೆಳಗಾದ ‘ವೈ’ ಅಕ್ಷರದಂತಿರುವ ಗೆರೆಯನ್ನೂ ಬಾಲದ ಹತ್ತಿರ ಚೌಕವಾಗಿ ಕುಳಿತ ನಾಲ್ಕು ಕಪ್ಪು ಚುಕ್ಕೆಗಳನ್ನೂ ಭೂತಗನ್ನಡಿಯಲ್ಲಿ ನೋಡಿದೆ. ನನ್ನ ಪಾಲಿಗೆ ಕಲಿಕೆಯಾದದ್ದು ಆ ನೋಟ.

ರಾಗಿಗೆ ಬಂದಾಗ ಮಾತು ಬೇರೆಯಾಯಿತು. ಮೂರು ಎಲೆಗಳ ಚಿತ್ರ ಕೊಟ್ಟರೆ ಒಂದನ್ನು ಭತ್ತವೆಂದಿತು, ಇನ್ನೊಂದಕ್ಕೆ ಪೋಷಕಾಂಶದ ಕೊರತೆ ಎಂದಿತು, ಮೂರನೆಯದಕ್ಕೆ ಮಾತ್ರ ರೋಗವನ್ನು ಸರಿಯಾಗಿ ಗುರುತಿಸಿ, ಕನ್ನಡದಲ್ಲಿ ‘ಸ್ಫೋಟ’ ಎಂದು ಬರೆಯಿತು. ಇಂಗ್ಲಿಷಿನ ಬ್ಲಾಸ್ಟ್ ಎಂಬ ಹೆಸರನ್ನು ನಿಘಂಟು ನೋಡಿ ಅನುವಾದಿಸಿದ ಫಲವಿದು. ಪಕ್ಕದಲ್ಲಿ ನಿಂತಿದ್ದ ಹೊಲದ ಯಜಮಾನರು ಪರದೆ ನೋಡಿ, “ಸ್ಫೋಟ ಅಂದ್ರೆ ಏನಮ್ಮ? ಇದು ಬೆಂಕಿ ರೋಗ ಅಲ್ವಾ?” ಎಂದರು. ಎರಡು ತುದಿ ಚೂಪಾಗಿ, ನಡುವೆ ಬೂದು ಬಣ್ಣಕ್ಕೆ ತಿರುಗಿದ ಆ ಚುಕ್ಕೆಗಳನ್ನು ಅವರು ಎಷ್ಟೋ ವರ್ಷಗಳಿಂದ ಬಲ್ಲರು. ಅವರ ಬಾಯಲ್ಲಿರುವ ಹೆಸರು ಆ್ಯಪಿಗೆ ಗೊತ್ತಿಲ್ಲವೆಂಬುದು ನನ್ನನ್ನು ಬಹಳವಾಗಿ ನೋಯಿಸಿತು, ಏಕೆಂದರೆ ಕನ್ನಡದಲ್ಲಿ ಉತ್ತರ ಕೊಡುತ್ತೇವೆ ಎನ್ನುವುದು ಅವರಿಗಾಗಿಯೇ ತಾನೆ.

ಇಂಥ ತಪ್ಪಿಗೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಇಂಥ ಆ್ಯಪ್‌ಗಳು ಮೊದಲೇ ಕೂಡಿಟ್ಟ ಚಿತ್ರಗಳನ್ನು ನೋಡಿ ಕಲಿಯುತ್ತವೆ; ಅಲ್ಲಿಲ್ಲದ ಬೆಳೆಯ ಮುಂದೆ ತಡವರಿಸುತ್ತವೆ. ಈ ಕ್ಷೇತ್ರದಲ್ಲಿ ಬಹಳ ಬಳಕೆಯಾಗಿರುವ ಪ್ಲಾಂಟ್‌ವಿಲೇಜ್ ಸಂಗ್ರಹದಲ್ಲಿ 54,306 ಎಲೆಚಿತ್ರಗಳೂ 14 ಬೆಳೆಗಳೂ ಇವೆ. ಸೇಬು, ದ್ರಾಕ್ಷಿ, ಟೊಮೆಟೊ ಉಂಟು, ರಾಗಿಯಾಗಲಿ ಅಡಿಕೆಯಾಗಲಿ ಇಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಚಿತ್ರಗಳಿಂದ ಕಲಿತ ಕಂಪ್ಯೂಟರ್ ಮಾದರಿಯೊಂದು ಅದೇ ಸಂಗ್ರಹದ ಬೇರೆ ಚಿತ್ರಗಳ ಮೇಲೆ ಶೇ 99.35ರಷ್ಟು ನಿಖರತೆ ತೋರಿತು. ಬೇರೆ ಸನ್ನಿವೇಶಗಳಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಅದು ಶೇ 31ರ ಆಸುಪಾಸಿಗೆ ಇಳಿಯಿತು. ಕಿತ್ತು ತಂದು ಸಾದಾ ಹಿನ್ನೆಲೆಯ ಮೇಲಿಟ್ಟ ಎಲೆಗೂ, ಮಳೆ ಹನಿ, ಮಣ್ಣು, ಪಕ್ಕದ ಗಿಡದ ನೆರಳು ಬಿದ್ದ ಎಲೆಗೂ ಇರುವ ಅಂತರವೇ ಅದು.

ಸಹಪಾಠಿಗಳಲ್ಲಿ ಒಮ್ಮತವಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ರೋಗಲಕ್ಷಣಗಳನ್ನು ಮೆಲುಕು ಹಾಕಲು ಇದಕ್ಕಿಂತ ಅನುಕೂಲವಿಲ್ಲ ಎನ್ನುವವರಿದ್ದಾರೆ, ಒಪ್ಪುತ್ತೇನೆ. ಆದರೆ ಹೊಲದ ದಿನಚರಿಯನ್ನೂ ಆ್ಯಪಿನ ಉತ್ತರ ನೋಡಿಯೇ ತುಂಬುವವರಿಗೆ, ಹಳದಿ ಬಣ್ಣ ಹಳೆಯ ಎಲೆಯಲ್ಲಿ ಮೊದಲು ಬಂದರೆ ಮೆಗ್ನೀಷಿಯಂ ಕೊರತೆಯನ್ನೂ ಎಳೆಯ ಎಲೆಯಲ್ಲಿ ಬಂದರೆ ಕಬ್ಬಿಣದ ಕೊರತೆಯನ್ನೂ ಶಂಕಿಸಬೇಕೆಂಬ ಸರಳ ವಿವೇಚನೆ ಯಾವಾಗ ಬರುತ್ತದೆ? ನಾಳೆ ಔಷಧಿ ಅಂಗಡಿಯ ಮುಂದೆ ನಿಂತು ರೈತರಿಗೆ ಸಲಹೆ ಹೇಳಬೇಕಾದವರು ನಾವೇ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಎರಡನೆಯ ವರ್ಷ ದಾಟಿದ, ಸಸ್ಯರೋಗಶಾಸ್ತ್ರದ ಪ್ರಾಯೋಗಿಕ ತರಗತಿ ಮುಗಿಸಿದ ವಿದ್ಯಾರ್ಥಿಗಳು ಧಾರಾಳವಾಗಿ ಬಳಸಬಹುದು. ಸಿಂಪರಣೆಯ ಸಲಹೆ ಬಂದಾಗ ಮಾತ್ರ ಕೃಷಿ ವಿಶ್ವವಿದ್ಯಾಲಯದ ಬೇಸಾಯ ಕ್ರಮಗಳ ಪುಸ್ತಕ ತೆರೆದು ಪ್ರಮಾಣ ತಾಳೆ ನೋಡಿ, ಇಲ್ಲವೇ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಎಲೆಯನ್ನೇ ಒಯ್ಯಿರಿ. ತಯಾರಕರಿಗೆ ‘ಬೆಂಕಿ ರೋಗ’ ಎಂಬ ಹೆಸರನ್ನು ಸೇರಿಸುವಂತೆ ಬರೆದು, ಹಗಲಿನ ಬೆಳಕಿನಲ್ಲಿ ತೆಗೆದ ನಲವತ್ತು ರಾಗಿ ಎಲೆಗಳ ಚಿತ್ರಗಳನ್ನು ಜೊತೆಗಿಟ್ಟು ಕಳುಹಿಸಿದ್ದೇನೆ.